ಪ್ರೊಸೆಸರ್ ಬದಲಾಯಿಸುವ ಮುನ್ನ



ಕಂಪ್ಯೂಟರ್ ನಿಧಾನವಾಯಿತೆಂದರೆ ನಮ್ಮ ಅನುಮಾನ ಮೊದಲು ಹೋಗುವುದು ಪ್ರೊಸೆಸರ್ ಮೇಲೆ. ಅದು ಗಣಕದ ಮೆದುಳು ಎಂದು ಶಾಲೆಯ ಪಾಠದಲ್ಲಿ ಓದಿದ್ದೇವೆ. ಮೆದುಳು ಚುರುಕಾದರೆ ಇಡೀ ಯಂತ್ರ ಚುರುಕಾಗಬೇಕಲ್ಲವೆ ಎಂಬುದು ಸಹಜವಾದ ತರ್ಕ. ಅಂಗಡಿಯವರೂ ಈ ತರ್ಕಕ್ಕೆ ಅಡ್ಡ ಬರುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ, ನಿಮ್ಮ ಜಿಲ್ಲಾ ಕೇಂದ್ರದ ಅಂಗಡಿಯಲ್ಲಾಗಲಿ, ಹೊಸ ಪ್ರೊಸೆಸರ್ ಕೇಳಿಕೊಂಡು ಬಂದವನಿಗೆ "ಇದು ನಿನಗೆ ಬೇಡಪ್ಪ" ಎನ್ನುವ ವ್ಯಾಪಾರಿ ಅಪರೂಪ. ಆದರೆ ಕೊಡುವ ಹಣ ಬಹುಪಾಲು ವಿದ್ಯಾರ್ಥಿಗಳ ಸ್ವಂತ ಸಂಪಾದನೆಯಲ್ಲ. ಕಾಲೇಜಿನ ಶುಲ್ಕ, ಹಾಸ್ಟೆಲ್ಲಿನ ಖರ್ಚು ಇವುಗಳ ನಡುವೆ ಮನೆಯವರು ಹೇಗೋ ಹೊಂದಿಸಿ ಕೊಟ್ಟದ್ದು. ಒಮ್ಮೆ ತಪ್ಪು ಕಡೆ ಖರ್ಚಾದರೆ ಮತ್ತೆ ಕೈ ಚಾಚುವುದು ಕಷ್ಟ. ಆದ್ದರಿಂದ, ಹೊಸ ಪ್ರೊಸೆಸರ್‌ನಿಂದ ನಮಗೆ ಎಷ್ಟು ಲಾಭವಾದೀತು ಎಂಬುದನ್ನು ಕೊಳ್ಳುವ ಮೊದಲೇ ತಿಳಿಯಲು ಸಾಧ್ಯವೆ? ಸಾಧ್ಯ. ಅದಕ್ಕೊಂದು ಪ್ರಯೋಗವಿದೆ, ಒಂದು ರೂಪಾಯಿಯೂ ಖರ್ಚಿಲ್ಲ.

ಅದಕ್ಕೆ ಮುನ್ನ ಲ್ಯಾಪ್‌ಟಾಪ್ ಉಳ್ಳವರಿಗೆ ಒಂದು ಮಾತು. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರನ್ನು ಮದರ್‌ಬೋರ್ಡಿಗೆ ಬೆಸುಗೆ ಹಾಕಿ ಕೂರಿಸಿರುತ್ತಾರೆ. ಅದನ್ನು ಕಿತ್ತು ಬೇರೊಂದನ್ನು ಹಾಕುವ ಪ್ರಶ್ನೆಯೇ ಬರುವುದಿಲ್ಲ. ಆದರೂ ಪ್ರಯೋಗದ ಭಾಗ ನಿಮಗೂ ಉಪಯೋಗವಾದೀತು. ಯಂತ್ರವನ್ನೇ ಬದಲಾಯಿಸಬೇಕೆ, ಅಥವಾ ಒಳಗಿನ ಡಿಸ್ಕನ್ನೋ ಮೆಮೊರಿಯನ್ನೋ ಬದಲಾಯಿಸಿದರೆ ಸಾಕೆ ಎಂಬುದು ಅದರಿಂದ ತಿಳಿಯುತ್ತದೆ.

ಇದು ಹೊಸ ಸಮಸ್ಯೆಯೇನಲ್ಲ. 1992ರಲ್ಲಿ ಇಂಟೆಲ್ ಕಂಪನಿ 486ಡಿಎಕ್ಸ್2 ಎಂಬ ಪ್ರೊಸೆಸರನ್ನು ಹೊರತಂದಿತು. ಹಳೆಯ 486 ಯಂತ್ರ ಇದ್ದವರು ಇದೇ ಬಗೆಯ ಚಿಪ್ ಒಂದನ್ನು ತಂದು ಕೂರಿಸಿಕೊಳ್ಳಲಿ ಎಂದು 'ಓವರ್‌ಡ್ರೈವ್' ಎಂಬ ಹೆಸರಿನಲ್ಲಿ ಬಿಡಿಯಾಗಿಯೂ ಮಾರಿತು. ಇದರ ವಿಶೇಷವೇನೆಂದರೆ, 66 ಮೆಗಾಹರ್ಟ್ಸ್‌ನ ಡಿಎಕ್ಸ್2 ಚಿಪ್ ತನ್ನೊಳಗೆ ಸೆಕೆಂಡಿಗೆ ಆರು ಕೋಟಿ ಅರವತ್ತು ಲಕ್ಷ ಬಾರಿ ಮಿಡಿಯುತ್ತಿತ್ತು. ಹೊರಗಿನ ಮದರ್‌ಬೋರ್ಡ್ ಮಾತ್ರ ಅದರ ಅರ್ಧ ವೇಗದಲ್ಲಿ, ಅಂದರೆ 33 ಮೆಗಾಹರ್ಟ್ಸ್‌ನಲ್ಲಿ, ನಡೆಯುತ್ತಿತ್ತು. ಚಿಪ್ಪಿನ ಒಳಗೇ ಇದ್ದ 8 ಕಿಲೋಬೈಟ್ ಕ್ಯಾಶ್ ಮೆಮೊರಿಯಲ್ಲಿ ಬೇಕಾದ ಮಾಹಿತಿ ಸಿಕ್ಕಿದರೆ ಕೆಲಸ ನಿಜಕ್ಕೂ ದುಪ್ಪಟ್ಟು ವೇಗ. ಸಿಗದಿದ್ದರೆ ಹೊರಗಿನಿಂದ ಬರುವ ತನಕ ಕಾಯುವುದೇ ಗತಿ. ಹಾಗಾಗಿ ಡಬ್ಬದ ಮೇಲಿನ ಅಂಕಿ ಇಮ್ಮಡಿಯಾದರೂ ಕೆಲಸ ಇಮ್ಮಡಿ ಬೇಗ ಮುಗಿಯುತ್ತಿರಲಿಲ್ಲ.

ಮದುವೆ ಮನೆಯ ಅಡುಗೆಯನ್ನು ನೆನೆಯಿರಿ. ಭಟ್ಟರ ಕೈ ಎಷ್ಟೇ ಚುರುಕಾಗಿರಲಿ, ಉಗ್ರಾಣದಿಂದ ಅಕ್ಕಿ ಬೇಳೆ ತಂದುಕೊಡುವ ಹುಡುಗ ಒಬ್ಬನೇ ಇದ್ದು ಅವನೂ ಕುಂಟುತ್ತಿದ್ದರೆ ಪಂಕ್ತಿ ಏಳುವುದು ಅವನ ವೇಗದಲ್ಲೇ. ಇನ್ನೂ ಹೆಚ್ಚು ಸಂಭಾವನೆ ಕೊಟ್ಟು ಇನ್ನೂ ಚುರುಕಾದ ಭಟ್ಟರನ್ನು ಕರೆಸಿದರೆ ಅವರು ಒಲೆಯ ಮುಂದೆ ಇನ್ನಷ್ಟು ಹೊತ್ತು ಸುಮ್ಮನೆ ಕುಳಿತಿರುತ್ತಾರೆ, ಅಷ್ಟೆ.

ಈ ಸಾಮಾನ್ಯ ಜ್ಞಾನಕ್ಕೆ ಗಣಿತದ ರೂಪವಿದೆ. ಐಬಿಎಂ ಕಂಪನಿಯ ಸಿಸ್ಟಂ/360 ಗಣಕಗಳ ರಚನೆಯಲ್ಲಿ ಪ್ರಮುಖ ಪಾತ್ರ ವಹಿಸಿದ ಜೀನ್ ಆಮ್ಡಾಲ್ ಎಂಬ ಅಮೆರಿಕದ ವಿಜ್ಞಾನಿ 1967ರಲ್ಲಿ ಮಂಡಿಸಿದ ವಾದ ಇಂದು 'ಆಮ್ಡಾಲ್ ನಿಯಮ' ಎಂದು ಹೆಸರಾಗಿದೆ. ಅನೇಕ ಪ್ರೊಸೆಸರ್‌ಗಳನ್ನು ಒಟ್ಟಿಗೆ ದುಡಿಸುವ ಬಗ್ಗೆ ಅವರು ಹೇಳಿದ ಮಾತು ಅದು. ಆದರೆ ನಮ್ಮ ಮೇಜಿನ ಮೇಲಿನ ಯಂತ್ರಕ್ಕೂ ಹಾಗೆಯೇ ಅನ್ವಯಿಸುತ್ತದೆ. ಒಂದು ಕೆಲಸದ ಒಂದು ಭಾಗವನ್ನು ಮಾತ್ರ ವೇಗಗೊಳಿಸಿದರೆ, ಒಟ್ಟು ಲಾಭವನ್ನು ನಿರ್ಧರಿಸುವುದು ವೇಗಗೊಳ್ಳದೆ ಉಳಿದ ಭಾಗ. ನೂರು ಸೆಕೆಂಡಿನ ಒಂದು ಕೆಲಸವಿದೆ ಎಂದಿಟ್ಟುಕೊಳ್ಳಿ. ಅದರಲ್ಲಿ 40 ಸೆಕೆಂಡು ಪ್ರೊಸೆಸರ್ ದುಡಿಮೆ, 60 ಸೆಕೆಂಡು ಡಿಸ್ಕಿನಿಂದ ಓದುವ ಕಾಯುವಿಕೆ. ಪ್ರೊಸೆಸರನ್ನು ದುಪ್ಪಟ್ಟು ವೇಗದ್ದಕ್ಕೆ ಬದಲಾಯಿಸಿದರೆ 40 ಹೋಗಿ 20 ಆಗುತ್ತದೆ. ಒಟ್ಟು 80 ಸೆಕೆಂಡು. ಜಗತ್ತಿನ ಅತ್ಯಂತ ವೇಗದ, ಕಣ್ಣುಮಿಟುಕಿಸುವಷ್ಟರಲ್ಲಿ ಎಲ್ಲವನ್ನೂ ಮುಗಿಸುವ ಪ್ರೊಸೆಸರನ್ನೇ ತಂದರೂ 60 ಸೆಕೆಂಡಿಗಿಂತ ಕೆಳಗೆ ಇಳಿಯುವಂತಿಲ್ಲ. ಅದರ ಬದಲು ಡಿಸ್ಕನ್ನು ಹತ್ತು ಪಟ್ಟು ವೇಗದ್ದಕ್ಕೆ ಬದಲಾಯಿಸಿದರೆ 60 ಹೋಗಿ 6 ಆಗಿ, ಒಟ್ಟು 46 ಸೆಕೆಂಡಿಗೆ ಬರುತ್ತದೆ.

ಸರಿ, ನಮ್ಮ ಕೆಲಸದಲ್ಲಿ ಪ್ರೊಸೆಸರ್ ಪಾಲು 40 ಸೆಕೆಂಡೋ 90 ಸೆಕೆಂಡೋ ಎಂದು ತಿಳಿಯುವುದು ಹೇಗೆ? ಇಲ್ಲಿ ಬರುತ್ತದೆ ನಾನು ಹೇಳಿದ ಪ್ರಯೋಗ. ವೇಗದ ಪ್ರೊಸೆಸರ್ ನಮ್ಮ ಬಳಿ ಇನ್ನೂ ಇಲ್ಲ. ಆದರೆ ಇರುವ ಪ್ರೊಸೆಸರನ್ನು ನಿಧಾನ ಮಾಡಿ ನೋಡುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ!

ಬಹುತೇಕ ವಿಂಡೋಸ್ ಯಂತ್ರಗಳ ಪವರ್ ಆಪ್ಷನ್ಸ್‌ನಲ್ಲಿ ಪ್ರೊಸೆಸರ್‌ನ ಗರಿಷ್ಠ ಮಿತಿಯನ್ನು ಶೇಕಡಾವಾರು ಇಳಿಸುವ ಅನುಕೂಲವಿದೆ. ಮೊದಲು ಮಾಮೂಲಿ ವೇಗದಲ್ಲಿ ನಿಮ್ಮ ನಿಜವಾದ ಕೆಲಸವೊಂದನ್ನು ಮಾಡಿ, ಗಡಿಯಾರ ಹಿಡಿದು ಸಮಯ ಬರೆದುಕೊಳ್ಳಿ. ಯಾವುದೋ ಪರೀಕ್ಷಾ ತಂತ್ರಾಂಶ ಬೇಡ. ನೀವು ದಿನವೂ ಯಾವುದಕ್ಕೆ ಕಾಯುತ್ತೀರೋ ಅದೇ ಕೆಲಸವಾಗಬೇಕು. ನಂತರ ಮಿತಿಯನ್ನು ಇಳಿಸಿ, ಟಾಸ್ಕ್ ಮ್ಯಾನೇಜರ್ ತೋರಿಸುವ ಗಿಗಾಹರ್ಟ್ಸ್ ಅಂಕಿ ನಿಜವಾಗಿಯೂ ಸುಮಾರು ಅರ್ಧಕ್ಕೆ ಇಳಿದಿದೆಯೆ ಎಂದು ಖಚಿತಪಡಿಸಿಕೊಂಡು, ಅದೇ ಕೆಲಸವನ್ನು ಮತ್ತೆ ಮಾಡಿ. ಎರಡೂ ಸಲ ಯಂತ್ರವನ್ನು ಮುಚ್ಚಿ ತೆರೆದ ಮೇಲೆಯೇ ಅಳೆಯಬೇಕು; ಇಲ್ಲವಾದರೆ ಮೊದಲ ಸಲ ಓದಿದ ಕಡತಗಳು ಮೆಮೊರಿಯಲ್ಲೇ ಉಳಿದು ಎರಡನೆಯ ಅಳತೆಯನ್ನು ಕೆಡಿಸುತ್ತವೆ. ಮೂರು ಮೂರು ಬಾರಿ ಅಳೆದು ಸರಾಸರಿ ತೆಗೆಯಿರಿ. ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಲೋಲಕದ ಆಂದೋಲನವನ್ನು ಹಾಗೆಯೇ ಅಲ್ಲವೆ ಅಳೆದದ್ದು?

ವೇಗ ಸರಿಯಾಗಿ ಅರ್ಧವಾದರೆ ಪ್ರೊಸೆಸರ್ ಪಾಲಿನ ಸಮಯ ಇಮ್ಮಡಿಯಾಗುತ್ತದೆ, ಉಳಿದ ಪಾಲು ಹಾಗೆಯೇ ಇರುತ್ತದೆ. ಅಂದರೆ ಹೆಚ್ಚಾದ ಸಮಯವೇ ಪ್ರೊಸೆಸರ್ ಪಾಲು. ನೂರು ಸೆಕೆಂಡಿನ ಕೆಲಸ 140ಕ್ಕೆ ಏರಿದರೆ ಪಾಲು 40. ಬರಿ 105ಕ್ಕೆ ಏರಿದರೆ ಪಾಲು ಐದೇ ಸೆಕೆಂಡು. ಅಂಥವರು ಪ್ರೊಸೆಸರ್ ವಿಚಾರವನ್ನು ಅಲ್ಲಿಗೇ ಬಿಡಬಹುದು. 190ಕ್ಕೆ ಏರಿದರೆ ಮಾತ್ರ ಅಂಗಡಿಯ ಕಡೆ ಮುಖ ಮಾಡುವುದಕ್ಕೆ ಅರ್ಥವಿದೆ. ಇದು ಅಂದಾಜಿನ ಲೆಕ್ಕ, ನಿಜ. ಆದರೆ ಜಾಹೀರಾತಿನ ಅಂಕಿಗಿಂತ ಇದನ್ನು ನಾನು ಹೆಚ್ಚು ನಂಬುತ್ತೇನೆ, ಏಕೆಂದರೆ ಇದು ನಿಮ್ಮ ಯಂತ್ರ, ನಿಮ್ಮ ಕೆಲಸ.

"ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರೊಸೆಸರ್ ಬಳಕೆ ಶೇಕಡಾ ಎಂಟು ಮಾತ್ರ ತೋರಿಸುತ್ತಿದೆ. ಹಾಗಾದರೆ ಪ್ರೊಸೆಸರ್‌ಗೆ ಕೆಲಸವೇ ಇಲ್ಲವೆಂದಲ್ಲವೆ?" ಎಂದು ಯಾರಾದರೂ ಕೇಳಬಹುದು. ಹಾಗೆನ್ನುವಂತಿಲ್ಲ. ಆರು ಕೋರ್, ಹನ್ನೆರಡು ಥ್ರೆಡ್‌ಗಳ ಪ್ರೊಸೆಸರ್‌ನಲ್ಲಿ ಒಂದೇ ಒಂದು ಥ್ರೆಡ್ ಉಸಿರುಗಟ್ಟಿ ದುಡಿಯುತ್ತಿದ್ದು ಉಳಿದ ಹನ್ನೊಂದು ಸುಮ್ಮನಿದ್ದರೆ, ನೂರನ್ನು ಹನ್ನೆರಡರಿಂದ ಭಾಗಿಸಿದಂತೆ ಮೀಟರ್ ಸುಮಾರು 8 ಎಂದೇ ತೋರಿಸುತ್ತದೆ. ಒಬ್ಬನೇ ಹೊತ್ತ ಭಾರವನ್ನು ಹನ್ನೆರಡು ಮಂದಿಯ ಮೇಲೆ ಹಂಚಿ ತೋರಿಸುವ ಸರಾಸರಿ ಅದು. ಅಂಥ ಕೆಲಸಕ್ಕೆ ಇನ್ನಷ್ಟು ಕೋರ್‌ಗಳನ್ನು ಕೊಂಡರೆ ಪ್ರಯೋಜನವಿಲ್ಲ. ಪ್ರತಿಯೊಂದು ಕೋರ್ ಚುರುಕಾಗಿರುವ ಪ್ರೊಸೆಸರ್ ಬೇಕು. ಇದಕ್ಕೆ ವಿರುದ್ಧವಾಗಿ, ನೂರಾರು ಕಡತಗಳ ದೊಡ್ಡ ಪ್ರೋಗ್ರಾಮನ್ನು ಕಂಪೈಲ್ ಮಾಡುವಾಗ ಹನ್ನೆರಡೂ ಥ್ರೆಡ್‌ಗಳು ದುಡಿಯುತ್ತವೆ. ಅಲ್ಲಿ ಹೆಚ್ಚಿನ ಕೋರ್‌ಗಳಿಗೆ ಬೆಲೆಯುಂಟು. ಇಂಜಿನಿಯರಿಂಗ್ ವಿದ್ಯಾರ್ಥಿಗಳು ಇನ್ನೊಂದನ್ನೂ ಗಮನಿಸಿರಬಹುದು: ಕೊನೆಯ ಲಿಂಕಿಂಗ್ ಹಂತ ಬಹಳ ಸಲ ಒಂಟಿಯಾಗಿಯೇ ತೆವಳುತ್ತದೆ. ಆಮ್ಡಾಲ್ ಹೇಳಿದ್ದೂ ಅದೇ.

ಗಿಗಾಹರ್ಟ್ಸ್ ಅಂಕಿಯನ್ನು ನೋಡಿ ಮರುಳಾಗಬಾರದು. 2004ರಲ್ಲೇ ಪೆಂಟಿಯಂ 4 ಪ್ರೊಸೆಸರ್ 3.8 ಗಿಗಾಹರ್ಟ್ಸ್ ಮುಟ್ಟಿತ್ತು. ಶಾಖ ತಡೆಯಲಾರದೆ ಆ ದಾರಿಯನ್ನು ಕಂಪನಿಗಳು ಬಿಟ್ಟುಕೊಟ್ಟವು. 2022ರಲ್ಲಿ ಬಂದ ಎಎಂಡಿ ಕಂಪನಿಯ ರೈಜನ್ 5 5600ರ ಮೂಲವೇಗ 3.5 ಗಿಗಾಹರ್ಟ್ಸ್. ಅಂಕಿ ಚಿಕ್ಕದು, ಆದರೆ ಒಂದೊಂದು ಮಿಡಿತದಲ್ಲಿ ಅದು ಮುಗಿಸುವ ಕೆಲಸ ಎಷ್ಟೋ ಪಾಲು ಹೆಚ್ಚು.

ಇನ್ನು ಡಿಸ್ಕಿನ ಮಾತು. ಇಂದಿಗೂ ಅನೇಕ ಹಳೆಯ ಯಂತ್ರಗಳಲ್ಲಿ ತಿರುಗುವ ಹಾರ್ಡ್ ಡಿಸ್ಕೇ ಇದೆ. ಅದು ನಿಮಿಷಕ್ಕೆ 7200 ಸುತ್ತು ತಿರುಗುವುದಾದರೆ ಸೆಕೆಂಡಿಗೆ 120 ಸುತ್ತು. ಒಂದು ಸುತ್ತಿಗೆ 8.3 ಮಿಲಿಸೆಕೆಂಡು. ಬೇಕಾದ ಮಾಹಿತಿ ಓದುವ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ತಲೆ ಸರಿಯಾದ ವೃತ್ತಕ್ಕೆ ಸರಿಯಲು ಇನ್ನೊಂದು ಎಂಟೊಂಬತ್ತು ಮಿಲಿಸೆಕೆಂಡು. ಒಟ್ಟು ಸುಮಾರು 13. ಹೀಗೆ ಸೆಕೆಂಡಿಗೆ ಎಪ್ಪತ್ತೈದರ ಆಸುಪಾಸಿನಲ್ಲಿ ಚಿಕ್ಕ ಚಿಕ್ಕ ತುಣುಕುಗಳನ್ನು ಮಾತ್ರ ಅದು ಹುಡುಕಿಕೊಡಬಲ್ಲದು. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಇದೇ ಕೆಲಸವನ್ನು ಮಿಲಿಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಕಾಲದಲ್ಲಿ ಮಾಡುತ್ತದೆ. ಯಂತ್ರ ಚಾಲೂ ಆಗುವಾಗ ಇಂಥ ಸಾವಿರಾರು ತುಣುಕುಗಳನ್ನು ಓದಬೇಕು. ಆದ್ದರಿಂದ ಹಾರ್ಡ್ ಡಿಸ್ಕಿನಿಂದಲೇ ಚಾಲೂ ಆಗುವ ಯಂತ್ರ ಇರುವವರು ಈ ಮಾತಿನ ಉಳಿದ ಭಾಗವನ್ನು ಕೇಳುವ ಮೊದಲು ಎಸ್‌ಎಸ್‌ಡಿ ಹಾಕಿಸಿಕೊಳ್ಳುವುದು ಒಳ್ಳೆಯದು. ಮೆಮೊರಿ ತುಂಬಿ ತುಳುಕುತ್ತಿದ್ದರೂ ಅಷ್ಟೆ: ಹೆಚ್ಚಾದದ್ದನ್ನು ಯಂತ್ರ ಡಿಸ್ಕಿಗೆ ಸಾಗಿಸಿ ಮತ್ತೆ ತರುತ್ತಿರುತ್ತದೆ, ಪ್ರೊಸೆಸರ್ ನೋಡುತ್ತ ಕುಳಿತಿರುತ್ತದೆ.

ಧೂಳಿನದ್ದೂ ಒಂದು ಕಥೆ. ಪ್ರೊಸೆಸರ್ ಬಿಸಿಯಾದಾಗ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಕಲಬುರಗಿ, ರಾಯಚೂರಿನ ಬೇಸಗೆಯಲ್ಲಿ, ಮೂರು ವರ್ಷದ ಧೂಳು ಮೆತ್ತಿದ ಫ್ಯಾನಿನ ಕೆಳಗೆ ಅದು ಇನ್ನೇನು ಮಾಡೀತು? ಫ್ಯಾನ್ ಶುಚಿ ಮಾಡಿ, ಒಣಗಿದ ಥರ್ಮಲ್ ಪೇಸ್ಟನ್ನು ಒರೆಸಿ ಹೊಸದನ್ನು ಹಚ್ಚಿದರೆ ಕಳೆದುಹೋದ ವೇಗ ಮರಳಿ ಬಂದೀತು. ಪೇಸ್ಟಿನ ಕೊಳವೆಗೆ ಆಗುವ ಖರ್ಚು ಪ್ರೊಸೆಸರ್ ಬೆಲೆಯ ಮುಂದೆ ಏನೂ ಅಲ್ಲ.

ಈಗ ಸ್ವಲ್ಪ ನನ್ನ ಕಸುಬಿನ ಮಾತು. ದೃಶ್ಯ ಸಂಕಲನದ ಕೊಠಡಿಯಲ್ಲಿ ನಮಗೆ ವೇಗದ ಹಸಿವು ಯಾವಾಗಲೂ ಇದ್ದದ್ದೇ. ಡಿವಿ ಕ್ಯಾಸೆಟ್ಟುಗಳ ಕಾಲದಲ್ಲಿ ಒಂದು ಗಂಟೆಯ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲು ಸರಿಯಾಗಿ ಒಂದು ಗಂಟೆ ಹಿಡಿಯುತ್ತಿತ್ತು. ಸುಮಾರು 13 ಗಿಗಾಬೈಟ್. ಟೇಪು ತನ್ನ ಪಾಡಿಗೆ ಓಡುತ್ತಿತ್ತು. ಎಂಥ ಪ್ರೊಸೆಸರ್ ಹಾಕಿದರೂ ಅದು ಅವಸರಪಡುತ್ತಿರಲಿಲ್ಲ. ಸಂಕಲನ ಮುಗಿದ ಮೇಲಿನ ರೆಂಡರಿಂಗ್ ಕೆಲಸದಲ್ಲಿ ಮಾತ್ರ ಪ್ರೊಸೆಸರ್ ಬೆವರು ಹರಿಸುತ್ತದೆ. ಅಲ್ಲಿಯೂ ಒಂದು ವ್ಯತ್ಯಾಸ ನೋಡಿ. ಸಂಜೆಯ ವಾರ್ತೆಗೆ ಹೋಗಬೇಕಾದ ತುಣುಕು ಎಂಟು ನಿಮಿಷದ ಬದಲು ಐದು ನಿಮಿಷಕ್ಕೆ ಸಿದ್ಧವಾದರೆ ಆ ಮೂರು ನಿಮಿಷಕ್ಕೆ ಬೆಲೆ ಕಟ್ಟಲಾಗದು. ಅರ್ಧ ಗಂಟೆಯ ಸಾಕ್ಷ್ಯಚಿತ್ರವನ್ನು ರಾತ್ರಿ ರೆಂಡರಿಂಗ್‌ಗೆ ಹಚ್ಚಿ ಮನೆಗೆ ಹೋದರೆ, ಅದು ಬೆಳಗಿನ ಜಾವ ಐದಕ್ಕೆ ಮುಗಿಯಲಿ, ಮೂರಕ್ಕೇ ಮುಗಿಯಲಿ, ನಾವು ನೋಡುವುದು ಹತ್ತು ಗಂಟೆಗೆ. ಉಳಿದ ಎರಡು ಗಂಟೆ ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಆದ್ದರಿಂದ ಯಂತ್ರ ಎಷ್ಟು ಹೊತ್ತು ದುಡಿಯುತ್ತದೆ ಎಂಬುದಕ್ಕಿಂತ ಅದರ ಮುಂದೆ ಮನುಷ್ಯ ಎಷ್ಟು ಹೊತ್ತು ಕೈಕಟ್ಟಿ ಕೂರುತ್ತಾನೆ ಎಂಬುದನ್ನು ಎಣಿಸಬೇಕು.

ಆ ಎಣಿಕೆಯನ್ನು ರೂಪಾಯಿಗೆ ತಿರುಗಿಸೋಣ. ಬದಲಾವಣೆಗೆ ಎಲ್ಲ ಸೇರಿ 12,000 ರೂಪಾಯಿ ಆಗುತ್ತದೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳಿ. ವರ್ಷಕ್ಕೆ 300 ದಿನ, ದಿನಕ್ಕೆ ನಾಲ್ಕು ನಿಮಿಷದ ಕಾಯುವಿಕೆ ತಪ್ಪಿದರೆ ವರ್ಷಕ್ಕೆ 20 ಗಂಟೆ, ಮೂರು ವರ್ಷಕ್ಕೆ 60 ಗಂಟೆ. ಗಂಟೆಗೆ 200 ರೂಪಾಯಿ ಕೊಟ್ಟಂತಾಯಿತು. ಓದುವ ಹುಡುಗರಿಗೆ ಇದು ದುಬಾರಿಯೋ ಅಲ್ಲವೋ ನೀವೇ ಹೇಳಿ. ಮನೆಯಲ್ಲಿ ಕುಳಿತು ವಿಡಿಯೋ ಸಂಕಲನ ಮಾಡಿ ಸಂಪಾದಿಸುವವರಿಗೆ ಖಂಡಿತ ದುಬಾರಿಯಲ್ಲ. ದಿನಕ್ಕೆ ತಪ್ಪುವುದು ಇಪ್ಪತ್ತೇ ಸೆಕೆಂಡಾದರೆ ಮೂರು ವರ್ಷಕ್ಕೆ ಐದು ಗಂಟೆ. ಆಗ ಒಂದು ಗಂಟೆಯ ಬೆಲೆ 2,400 ರೂಪಾಯಿ!

ಒಂದು ನಿಜವಾದ ಜೋಡಿಯನ್ನೇ ತೆಗೆದುಕೊಳ್ಳೋಣ. 2017ರಲ್ಲಿ ಬಂದ ಎಎಂಡಿ ರೈಜನ್ 5 1600 ಆರು ಕೋರ್‌ಗಳದ್ದು. ಮೇಲೆ ಹೇಳಿದ 5600 ಕೂಡ ಆರು ಕೋರ್‌ಗಳದ್ದೇ. ಎರಡೂ 65 ವಾಟ್ ವರ್ಗದವು, ಎರಡೂ ಎಎಂ4 ಎಂಬ ಒಂದೇ ಸಾಕೆಟ್ಟಿನಲ್ಲಿ ಕೂರುತ್ತವೆ. ಕಾಗದದ ಮೇಲೆ ಅಣ್ಣತಮ್ಮಂದಿರಂತೆ ಕಾಣುತ್ತವೆ. ಆದರೆ ಹೊಸದರ ಕ್ಯಾಶ್ ಮೆಮೊರಿ 16 ಮೆಗಾಬೈಟಿನ ಬದಲು 32 ಮೆಗಾಬೈಟ್, ಗರಿಷ್ಠ ವೇಗ 3.6ರ ಬದಲು 4.4 ಗಿಗಾಹರ್ಟ್ಸ್; ಮೇಲಾಗಿ ಪ್ರತಿ ಮಿಡಿತದ ಕೆಲಸವೂ ಹೆಚ್ಚು. ಇಷ್ಟು ವ್ಯತ್ಯಾಸವಿದ್ದರೆ ನಮ್ಮ ಪ್ರಯೋಗದಲ್ಲಿ ಪ್ರೊಸೆಸರ್ ಪಾಲು ದೊಡ್ಡದಾಗಿ ಬಂದವರು ಧೈರ್ಯವಾಗಿ ಕೊಳ್ಳಬಹುದು. ಒಂದೇ ಪೀಳಿಗೆ ಮುಂದಿನದಕ್ಕೆ ಹಾರುವವರಿಗೆ ನಾನು ಆ ಧೈರ್ಯ ಹೇಳಲಾರೆ.

ಆಟಗಳಿಗಾಗಿ ಕೊಳ್ಳುವವರು ವಿಮರ್ಶೆಗಳಲ್ಲಿನ ಸ್ತಂಭನಕ್ಷೆಗಳನ್ನು ಎಚ್ಚರದಿಂದ ಓದಬೇಕು. ಪ್ರೊಸೆಸರ್‌ಗಳ ನಡುವಿನ ಅಂತರ ಎದ್ದು ಕಾಣಲೆಂದೇ ಪರೀಕ್ಷಕರು ಅತ್ಯಂತ ದುಬಾರಿಯ ಗ್ರಾಫಿಕ್ಸ್ ಕಾರ್ಡ್ ಹಾಕಿ ಕಡಿಮೆ ರೆಸಲ್ಯೂಷನ್‌ನಲ್ಲಿ ಅಳೆಯುತ್ತಾರೆ. ಅದು ಪರೀಕ್ಷೆಯ ದೃಷ್ಟಿಯಿಂದ ಸರಿಯೇ. ಆದರೆ ನಿಮ್ಮ ಮನೆಯ ಸಾಧಾರಣ ಕಾರ್ಡಿನಲ್ಲಿ ಕಾರ್ಡೇ ಮೊದಲು ಸುಸ್ತಾಗುವುದರಿಂದ ಆ ಅಂತರದ ಬಹುಪಾಲು ಕಾಣಿಸುವುದೇ ಇಲ್ಲ. ನಕ್ಷೆ ಸೊನ್ನೆಯಿಂದ ಶುರುವಾಗಿದೆಯೆ ಎಂದೂ ನೋಡಿ. ನೂರರಿಂದ ಶುರುವಾದ ನಕ್ಷೆಯಲ್ಲಿ 110ಕ್ಕೂ 120ಕ್ಕೂ ದುಪ್ಪಟ್ಟು ಎತ್ತರ ಕಾಣುತ್ತದೆ.

ವೇಗದ ಲೆಕ್ಕಕ್ಕೆ ಸಿಗದ ಕಾರಣವೂ ಒಂದಿದೆ. 2021ರಲ್ಲಿ ಬಿಡುಗಡೆಯಾದ ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಒಪ್ಪಿದ ಪ್ರೊಸೆಸರ್‌ಗಳ ಪಟ್ಟಿಯಲ್ಲಿ ಮೊದಲ ಪೀಳಿಗೆಯ ರೈಜನ್‌ಗಳಿಗೆ ಜಾಗ ಸಿಗಲಿಲ್ಲ. ಇಂಟೆಲ್‌ನಲ್ಲಿಯೂ ಬಹುಮಟ್ಟಿಗೆ ಎಂಟನೆಯ ಪೀಳಿಗೆಗಿಂತ ಹಿಂದಿನವು ಹೊರಗುಳಿದವು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲವೂ ಕೊನೆಗೊಂಡಿತು. ಚೆನ್ನಾಗಿಯೇ ಓಡುತ್ತಿರುವ ಯಂತ್ರಕ್ಕೆ ಹೀಗಾಯಿತಲ್ಲ ಎಂದು ಬೇಸರವಾಗುವುದು ಸಹಜ. ನನಗೂ ಇದು ಸರಿ ಕಾಣುವುದಿಲ್ಲ. ವಿಂಡೋಸ್ ಬೇಕೇ ಬೇಕು ಎನ್ನುವವರಿಗೆ ಪ್ರೊಸೆಸರ್ ಬದಲಾವಣೆಗೆ ಇದೊಂದು ನ್ಯಾಯವಾದ ಕಾರಣ. ಬರಹ, ಪ್ರೋಗ್ರಾಮಿಂಗ್, ಅಂತರಜಾಲ ಇಷ್ಟೇ ಸಾಕಾದರೆ ಲಿನಕ್ಸ್ ಹಾಕಿಕೊಂಡು ಹಣ ಉಳಿಸಬಹುದು.

ಹಾಗೆಯೇ, ಹೊಸ ಪ್ರೊಸೆಸರ್ ಹಳೆಯ ಮದರ್‌ಬೋರ್ಡಿನಲ್ಲಿ ಕೂರುತ್ತದೆಯೆ? ಎಎಂ4 ಸಾಕೆಟ್ಟಿನವರು ಅದೃಷ್ಟವಂತರು. 2017ರ ಹಳೆಯ ಬೋರ್ಡುಗಳಲ್ಲಿಯೂ ಅನೇಕವಕ್ಕೆ 2022ರಲ್ಲಿ 5000 ಸರಣಿಯನ್ನು ಗುರುತಿಸುವ ಹೊಸ ಬಯಾಸ್ ದೊರೆಯಿತು. ಇಂಟೆಲ್‌ನಲ್ಲಿ ಇಷ್ಟು ಸಲೀಸಲ್ಲ. ಏಳನೆಯ ಮತ್ತು ಎಂಟನೆಯ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಸಾಕೆಟ್ 1151 ಎಂದೇ ಇದ್ದರೂ ಎಂಟನೆಯದು ಏಳನೆಯದರ ಬೋರ್ಡಿನಲ್ಲಿ ಕೆಲಸ ಮಾಡುವುದಿಲ್ಲ. ಬೋರ್ಡನ್ನೇ ಬದಲಾಯಿಸಬೇಕಾಗಿ ಬಂದರೆ ಮೆಮೊರಿಯೂ ಬದಲಾಗಬೇಕಾದೀತು. ಎಎಂಡಿಯ ಹೊಸ ಎಎಂ5 ಬೋರ್ಡುಗಳಿಗೆ ಡಿಡಿಆರ್5 ಮೆಮೊರಿಯೇ ಬೇಕು. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ಹೇಗೆ ಮೇಲೇರಿತೆಂಬುದು ಅಂಗಡಿಗೆ ಹೋದವರಿಗೆ ಗೊತ್ತು. ಆದ್ದರಿಂದ ಪ್ರೊಸೆಸರ್ ಒಂದರ ಬೆಲೆ ಕೇಳಿ ಬರಬೇಡಿ. ಬೋರ್ಡು, ಮೆಮೊರಿ, ಕೂಲರ್ ಎಲ್ಲ ಸೇರಿ ಎಷ್ಟು ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ.

ಕೊಳ್ಳುವುದೆಂದು ತೀರ್ಮಾನಿಸಿದವರು ಹಳೆಯ ಪ್ರೊಸೆಸರ್ ಒಳಗಿರುವಾಗಲೇ ಬಯಾಸನ್ನು ನವೀಕರಿಸಬೇಕು. ಹೊಸದನ್ನು ಕೂರಿಸಿದ ಮೇಲೆ ಪರದೆಯೇ ಬೆಳಗದಿದ್ದರೆ ನವೀಕರಿಸುವುದೆಲ್ಲಿ? ಆ ಕೆಲಸದ ನಡುವೆ ವಿದ್ಯುತ್ ಹೋದರೆ ಬೋರ್ಡೇ ನಿರುಪಯುಕ್ತವಾಗಬಹುದು. ನಮ್ಮ ಊರುಗಳ ಕರೆಂಟಿನ ಸ್ವಭಾವ ಗೊತ್ತಿದ್ದದ್ದೇ. ಯುಪಿಎಸ್ ಇಲ್ಲದೆ ಕೈಹಾಕಬೇಡಿ. ಎಎಂ4 ಪ್ರೊಸೆಸರ್‌ನ ಸೂಕ್ಷ್ಮವಾದ ಕಾಲುಗಳು ಚಿಪ್ಪಿನಲ್ಲೇ ಇರುತ್ತವೆ. ಒಣಗಿದ ಪೇಸ್ಟ್ ಅಂಟಿಕೊಂಡು, ಕೂಲರ್ ಎತ್ತಿದಾಗ ಪ್ರೊಸೆಸರ್ರೂ ಅದರ ಜೊತೆಗೇ ಕಿತ್ತುಬಂದು ಕಾಲು ಬಾಗುವುದುಂಟು. ಬಿಚ್ಚುವ ಮೊದಲು ಹತ್ತು ನಿಮಿಷ ಯಂತ್ರವನ್ನು ದುಡಿಸಿ ಪೇಸ್ಟನ್ನು ಬಿಸಿಮಾಡಿ, ಯಂತ್ರ ಆರಿಸಿ ವಿದ್ಯುತ್ ತಂತಿ ತೆಗೆದು, ಕೂಲರನ್ನು ನೇರ ಮೇಲಕ್ಕೆಳೆಯದೆ ಮೆಲ್ಲಗೆ ಆಚೀಚೆ ತಿರುಗಿಸಿ ಸಡಿಲಿಸಿ. ಹೊರಬಂದ ಹಳೆಯ ಪ್ರೊಸೆಸರನ್ನು ಮೇಜಿನ ಖಾನೆಗೆ ಎಸೆಯದೆ, ಹೊಸದು ಬಂದ ಪ್ಲಾಸ್ಟಿಕ್ ಚಿಪ್ಪಿನಲ್ಲೇ ಇಟ್ಟು ಅಂಗಡಿಗೆ ತೆಗೆದುಕೊಂಡು ಹೋಗಿ ಬೆಲೆ ಕೇಳಿ. ಕಾಲುಗಳು ನೆಟ್ಟಗಿದ್ದರೆ ಕೊಳ್ಳುವವರು ಸಿಗುತ್ತಾರೆ. ಬಂದಷ್ಟನ್ನು ಮನೆಯವರ ಕೈಗೆ ಹಿಂತಿರುಗಿಸಬಹುದು.